ನುನ್ಸಿಯಾ ಬೇಯಿಸಿದ ಕಾಳು

"ಇವತ್ತ ನುನ್ಸಿಯಾಗೇ ಫೋನ್ ಹಚ್ಚಿ ಕೇಳೇಬಿಡೂಣು," ಎಂದು ಅಸ್ಲಂ ಬೆಳಿಗ್ಗೆ ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಬಾತ್‌ರೂಮಿನಿಂದ ಕೂಗಿ ಹೇಳಿದ್ದ. ಚಿಕಾಗೊದ ಡೆವನ್ ಅವೆನ್ಯೂದ ಅಂಗಡಿಯಲ್ಲಿ ಬಿಳಿ ಕಾಳಿನ ಪ್ಯಾಕೆಟ್ಟುಗಳ ಮುಂದೆ ನಿಂತಾಗಲೂ ಫಹಮೀದಾಳಿಗೆ ಆ ನೊರೆ ತುಂಬಿದ ದನಿಯೇ ಕೇಳಿಸುತ್ತಿತ್ತು. ಮಧ್ಯಾಹ್ನ ಊಟಕ್ಕೆ ಲೈಲ್ ಊರಿನಿಂದ ಗೆಳೆಯ ಶೇಷಗಿರಿ, ಅವನ ಹೆಂಡತಿ ಛಾಯಾ ಬರುವವರಿದ್ದರು. ಅವರಿಗೆ ಇಟಲಿಯ ಕಾಳು ಉಣಿಸುತ್ತೇನೆಂದು ಅಸ್ಲಂ ವಾರದಿಂದ ಹೇಳಿಕೊಂಡು ಬಂದಿದ್ದ. ಹೋದ ವರ್ಷ ಜೂನಿನಲ್ಲಿ ಆ ಸಮುದ್ರದ ದಂಡೆಯ ಊರಲ್ಲಿ ನುನ್ಸಿಯಾ ಎಂಬ ಮುದುಕಿ ಬೇಯಿಸಿ ಹಾಕಿದ ಕಾಳನ್ನು ಫಹಮೀದಾ ಅಂದಿನಿಂದ ಎಷ್ಟೋ ಸಲ ಮಾಡಿದ್ದಳು. ಪ್ರತಿಸಲವೂ ಅವನು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಛಲೋ ಆಗೇತಿ. ಆದ್ರ ಏನೋ ಒಂದು ಕಡಿಮಿ ಐತಿ ನೋಡು," ಎನ್ನುತ್ತಿದ್ದ. ಆ ಕಡಿಮೆ ಇದ್ದದ್ದು ಏನೆಂದು ಅವಳಿಗೆ ಗೊತ್ತಿತ್ತು. ಅದು ಹಂದಿಯ ಕೊಬ್ಬು. ಅಂಗಡಿಯಲ್ಲಿ ಯಾರೋ, "ಎಕ್ಸ್‌ಕ್ಯೂಸ್ ಮಿ ಆಂಟಿ," ಎಂದಾಗ ತಾನು ಬಹಳ ಹೊತ್ತಿನಿಂದ ದಾರಿಗೆ ಅಡ್ಡ ನಿಂತಿದ್ದೇನೆಂದು ತಿಳಿದು ಬದಿಗೆ ಸರಿದಳು. ಹೆದರಿಕೆ ಆಗಬೇಕಿತ್ತು. ಇನ್ನು ಕೆಲವೇ ತಾಸಿನಲ್ಲಿ ಎಲ್ಲರೆದುರು ಎಲ್ಲವೂ ಬಯಲಾಗುವುದಿತ್ತು. ಆದರೆ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ತನ್ನದಲ್ಲ ಅನ್ನಿಸುವಂತೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಕೈ ಒಂದು ಪ್ಯಾಕೆಟ್ಟನ್ನು ತೆಗೆದುಕೊಂಡಿತು. ಅಭ್ಯಾಸದಂತೆ ಅದನ್ನು ತಿರುಗಿಸಿ ಹಿಂದೆ ಬರೆದದ್ದನ್ನು ಓದಿದಳು. ಬರೀ ಕಾಳು ಅಂತಷ್ಟೇ ಇತ್ತು.

ಓದುವ ಅಭ್ಯಾಸ ಅಸ್ಲಂನದು. ಈ ಸ್ಕೋಕಿ ಊರಿಗೆ ಬಂದ ಹೊಸದರಲ್ಲಿ ಎಲ್ಲರಂತೆ ಅವನೂ ಮಾಂಸ ಎಲ್ಲಿಯದು ಎಂದಷ್ಟೇ ಕೇಳುತ್ತಿದ್ದ. ಎರಡು ಸಾವಿರದ ಒಂದರ ಸೆಪ್ಟೆಂಬರಿನ ನಂತರ ಅದು ಬೇರೆ ರೂಪಕ್ಕೆ ತಿರುಗಿತು. ಆಫೀಸಿನಲ್ಲಿ ಇವನು ಬಂದರೆ ಕಾಫಿ ಮಷೀನಿನ ಹತ್ತಿರ ಮಾತು ನಿಲ್ಲುತ್ತಿತ್ತಂತೆ. ಓಹೇರ್ ವಿಮಾನನಿಲ್ದಾಣದಲ್ಲಿ ಪ್ರತಿಸಲವೂ ಇವನನ್ನು ಬದಿಗೆ ಕರೆದು, ಅವಳೂ ಮಗಳೂ ನೋಡುತ್ತಿದ್ದಂತೆ, ಬೆಲ್ಟು ಬಿಚ್ಚಿಸುತ್ತಿದ್ದರು. ಆ ಬಗ್ಗೆ ಅವನು ಯಾರ ಮೇಲೂ ಸಿಟ್ಟಾಗಲಿಲ್ಲ, ಮನೆಯಲ್ಲೂ ಆ ಮಾತು ಎತ್ತಲಿಲ್ಲ. ಬರೀ ಲೇಬಲ್ ಓದತೊಡಗಿದ. ಬ್ರೆಡ್ಡು, ಬಿಸ್ಕೀಟು, ಮೊಸರು, ಹಲ್ಲಿನ ಪೇಸ್ಟು. ಮೂಗಿನ ತುದಿಗೆ ಕನ್ನಡಕ ಇಳಿಸಿ ಅಂಗಡಿಯ ನಡುವೆ ನಿಂತು, "ಎನ್ಝೈಮ್ಸ್ ಅಂತ ಬರದಾರ. ಯಾತರದು? ಹೇಳಬೇಕಲ್ಲ?" ಎಂದು ಅವಳನ್ನೇ ಕೇಳುತ್ತಿದ್ದ, ಅವಳೇ ಬರೆದಿದ್ದಳೇನೋ ಅನ್ನುವ ಹಾಗೆ. ಅಲಿಯಾಳ ಒಂಬತ್ತನೇ ಹುಟ್ಟುಹಬ್ಬದ ದಿನ ಹಿತ್ತಲಲ್ಲಿ ಹುಡುಗಿಯರೆಲ್ಲ ಕಡ್ಡಿಗೆ ಮಾರ್ಷ್‌ಮೆಲೋ ಚುಚ್ಚಿ ಸುಟ್ಟು ತಿನ್ನುತ್ತಿದ್ದರು. ತಂದವಳು ಫಹಮೀದಾಳೇ. ಅವನು ಖಾಲಿ ಚೀಲವನ್ನು ಕಸದ ಡಬ್ಬಿಯಿಂದ ತೆಗೆದು ಓದಿದ, ಹಂದಿಯ ಚರ್ಮದಿಂದ ಮಾಡುವ ಜೆಲಟಿನ್ ಇತ್ತು. ಹೋಗಿ ಮಗಳ ಗದ್ದ ಹಿಡಿದು, "ಉಗಳು," ಎಂದ. ಅಲಿಯಾ ಅವನ ಅಂಗೈಯಲ್ಲಿ ಉಗುಳಿದಳು. ಬಿಳಿ ಹುಡುಗಿಯರು ಕಡ್ಡಿ ಹಿಡಿದು ನಿಂತೇ ಇದ್ದರು. ಆಮೇಲೆ ಅವರ ತಾಯಂದಿರ ಮುಂದೆಯೇ ಅವನು ಇಂಗ್ಲಿಷಿನಲ್ಲಿ, ನನ್ನ ಹೆಂಡತಿ ಓದುವುದಿಲ್ಲ, ಎಂದು ನಕ್ಕು ಹೇಳಿದ. ಲೇಬಲ್ ಓದುವುದಿಲ್ಲ ಅಂತ ಅವನ ಅರ್ಥ. ಆ ತಾಯಂದಿರು ಅವಳನ್ನು ನೋಡಿದ ರೀತಿಯಲ್ಲಿ ಆ ಅರ್ಥ ಇರಲಿಲ್ಲ.

ಮನೆಗೆ ವಾಪಸು ಬರುವಾಗ ಕಾರು ಟೂಹಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿತು. ಬಿಸಿಲು ಗಾಜಿನ ಮೇಲೆ ಬಿದ್ದು ಏನೂ ಕಾಣುತ್ತಿರಲಿಲ್ಲ. ನುನ್ಸಿಯಾಳ ಊರಲ್ಲಿಯೂ ಹೀಗೇ, ಮಧ್ಯಾಹ್ನ ಏನೂ ಕಾಣುತ್ತಿರಲಿಲ್ಲ. ಇಟಲಿಯ ತೀರಾ ಕೆಳತುದಿ ಅದು. ಅಸ್ಲಂನ ಆಫೀಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ವಿನ್ಸ್ ಎಂಬವನು, ನಮ್ಮ ಸೋದರತ್ತೆ ಮಹಡಿಯ ಕೋಣೆ ಬಾಡಿಗೆಗೆ ಕೊಡುತ್ತಾಳೆ, ಅಲ್ಲಿ ನೋಡುವಂಥದ್ದು ಏನೂ ಇಲ್ಲ, ಹೋಗಿ ಸುಮ್ಮನೆ ಕೂತು ಬಾ, ಅಂದಿದ್ದ. ಕಾಫಿ ಮಷೀನಿನ ಹತ್ತಿರ ಮಾತು ನಿಲ್ಲಿಸದೆ ಇದ್ದವನು ಅವನೊಬ್ಬನೇ. ಅಲಿಯಾಳನ್ನು ಡೆಟ್ರಾಯಿಟ್‌ನಲ್ಲಿ ಅಸ್ಲಂನ ತಮ್ಮ ಆಸಿಫ್‌ನ ಮನೆಯಲ್ಲಿ ಬಿಟ್ಟು ಗಂಡಹೆಂಡತಿ ಇಬ್ಬರೇ ಹೋದರು. ವಿನ್ಸ್ ಹೇಳಿದ್ದು ನಿಜ. ಬೂದು ಬಣ್ಣದ ಬೆಣಚುಕಲ್ಲಿನ ದಂಡೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಹಾಗೇ ಮುಗಿಯುತ್ತಿತ್ತು. ಹೋಟೆಲಿಲ್ಲ, ಛತ್ರಿಗಳಿಲ್ಲ. ಸಮುದ್ರಕ್ಕೂ ಮನೆಗಳಿಗೂ ನಡುವೆ ಒಂದೇ ಒಂದು ರೈಲುಹಳಿ, ಅದರ ಬದಿಗೆ ಪಾಪಾಸುಕಳ್ಳಿ. ನೀರಿಲ್ಲದ ಹಳ್ಳವೊಂದು ಗುಡ್ಡದಿಂದ ಇಳಿದು ಬಂದು ಕಲ್ಲುಗಳನ್ನು ಸಮುದ್ರಕ್ಕೆ ಸುರಿದು ನಿಂತಿತ್ತು. ಸಂಜೆ ಮುದುಕರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಎಲ್ಲರೂ ರಸ್ತೆಯ ಕಡೆಗೆ ಮುಖ ಮಾಡಿ, ಸಮುದ್ರಕ್ಕೆ ಬೆನ್ನು ಕೊಟ್ಟು. ಅರ್ಧಮರ್ಧ ಕಟ್ಟಿದ ಮನೆಗಳ ತಾರಸಿಯ ಮೇಲೆ ಕಬ್ಬಿಣದ ಸರಳುಗಳು ಹಾಗೇ ಎದ್ದು ನಿಂತಿದ್ದವು. ಅವನ್ನು ನೋಡಿದ್ದೇ ಅಸ್ಲಂ ರಸ್ತೆಯ ನಡುವೆ ಸೂಟ್‌ಕೇಸು ಇಟ್ಟು ನಕ್ಕ. "ಮಗ ದೊಡ್ಡಾಂವ ಆದಮ್ಯಾಲೆ ಮ್ಯಾಲಿನ ಮನಿ ಕಟ್ಟಾವ್ರು. ಥೇಟ್ ನಮ್ಮ ರಾಣೇಬೆನ್ನೂರು!" ಅವನು ಹಾಗೆ ಹೊಟ್ಟೆ ತುಂಬ ನಕ್ಕು ಎಷ್ಟು ಕಾಲವಾಗಿತ್ತೆಂದರೆ ಅವಳಿಗೆ ಮೊದಲು ಅವನು ಕೆಮ್ಮುತ್ತಿದ್ದಾನೆ ಅನ್ನಿಸಿತ್ತು.

ನುನ್ಸಿಯಾಳಿಗೆ ಅಸ್ಲಂ ಮೊದಲ ದಿನವೇ ಕೈ ಅಲ್ಲಾಡಿಸಿ, ಮಾಂಸ ಬೇಡ, ಎಂದು ಹೇಳಿದ್ದ. ಆ ಎರಡು ಶಬ್ದವನ್ನು ಅಲಿಯಾ ಕಲಿಸಿ ಕಳಿಸಿದ್ದಳು, ಶಾಲೆಯಲ್ಲಿ ಅವಳು ಇಟಾಲಿಯನ್ ತೆಗೆದುಕೊಂಡಿದ್ದಳು. ಮುದುಕಿ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು. ಅವತ್ತು ರಾತ್ರಿ ಮಣ್ಣಿನ ಗಡಿಗೆಯಿಂದ ಬಿಳಿ ಕಾಳು ಬಡಿಸಿದಳು. ಅಸ್ಲಂ ಮೂರು ಸಲ ಹಾಕಿಸಿಕೊಂಡ. ಫಹಮೀದಾಳೂ ತಿಂದಳು. ಮರುದಿನ ಬೆಳಿಗ್ಗೆ ಬಿಸಿನೀರು ಕೇಳಲು ಅವಳು ಕೆಳಗಿಳಿದು ಹೋದಾಗ ನುನ್ಸಿಯಾ ಒಲೆಯ ಮುಂದೆ ಕೂತು ಗಡಿಗೆಗೆ ಏನನ್ನೋ ಬಿಡುತ್ತಿದ್ದಳು. ಅಂಗೈಯಗಲದ ಬಿಳಿ ತುಂಡು, ಒಂದು ಬದಿಗೆ ಚರ್ಮ, ಚರ್ಮದ ಮೇಲೆ ಬೋಳಿಸಿ ಉಳಿದ ಕೂದಲಿನ ಮೊನೆ. ಇವಳು ನೋಡುತ್ತಿರುವುದನ್ನು ಕಂಡು ಮುದುಕಿಗೆ ಖುಷಿಯಾಯಿತು. ತನ್ನದೇ ಕೆನ್ನೆಯನ್ನು ಎರಡು ಬೆರಳಿನಲ್ಲಿ ಹಿಡಿದೆಳೆದು, ಮೂಗಿನಿಂದ ಗುರ್ ಗುರ್ ಎಂದು ಸದ್ದು ಮಾಡಿ, ಬೆರಳುಗಳಿಗೆ ಮುತ್ತಿಟ್ಟು ತೋರಿಸಿದಳು. ಬೆಂದ ಮೇಲೆ ಅದನ್ನು ತೆಗೆದುಬಿಡುತ್ತೇನೆ ಎಂದೂ ಸನ್ನೆ ಮಾಡಿದಳು. ಅವಳ ಲೆಕ್ಕದಲ್ಲಿ ಅದು ಮಾಂಸವಾಗಿರಲಿಲ್ಲ, ರುಚಿಗೆ ಹಾಕುವುದು. ಕೊಟ್ಟ ಮಾತನ್ನು ಅವಳು ಮುರಿದಿರಲಿಲ್ಲ. ಫಹಮೀದಾ ಏನು ಮಾಡಬೇಕೋ ತಿಳಿಯದೆ ತಾನೂ ನಕ್ಕು ತಲೆಯಾಡಿಸಿದಳು. ಬಿಸಿನೀರಿನ ತಂಬಿಗೆ ಹಿಡಿದು ಮೆಟ್ಟಿಲು ಹತ್ತುವಾಗ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ್ದಳು. ಬಾಲ್ಕನಿಯಲ್ಲಿ ಅವನು ಲುಂಗಿ ಮೊಣಕಾಲಿಗೆ ಏರಿಸಿ, ಕಟಕಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಅವನ ಅಂಗಾಲು ಮಕ್ಕಳ ಅಂಗಾಲಿನಂತೆ ಬೆಳ್ಳಗಿತ್ತು. "ಫಹಮೀ, ಇಲ್ಲೇ ಇದ್ದುಬಿಡೂಣೇನು?" ಎಂದ. ಅವಳು ತಂಬಿಗೆ ಕೆಳಗಿಟ್ಟು, "ಯಾಕೋ ನನಗ ಹೊಟ್ಟಿ ಸರಿ ಇಲ್ರಿ," ಎಂದಳು.

ಆಮೇಲೆ ಉಳಿದಷ್ಟು ದಿನವೂ ಅವಳು ಬ್ರೆಡ್ಡು, ಟೊಮ್ಯಾಟೊ ತಿಂದಳು. ಅವನು ಕಾಳು ತಿಂದ. ಹೇಳದೆ ಇದ್ದದ್ದನ್ನು ಅವಳು ತನಗೆ ತಾನೇ ಕ್ಷಮಿಸಿಕೊಳ್ಳಬಲ್ಲಳು. ಅವನು ನಗುತ್ತಿದ್ದ, ನಗು ಕೆಡಿಸಬಾರದೆಂದು ಹೇಳಲಿಲ್ಲ, ಇಷ್ಟು ಹೇಳಿದರೆ ಅಲ್ಲಾನೂ ಒಪ್ಪಬಹುದು. ಆದರೆ ತಾನು ಮಾತ್ರ ಬಿಟ್ಟು ಅವನಿಗೆ ತಿನ್ನಗೊಟ್ಟಿದ್ದು? ಅವನ ಎದುರಿಗೆ ಕೂತು, ಅವನು ಗಡಿಗೆಯ ತಳಕ್ಕೆ ಬ್ರೆಡ್ಡು ಒರೆಸಿ ತಿನ್ನುವುದನ್ನು ನೋಡುತ್ತಿದ್ದಾಗ ತನ್ನೊಳಗೆ ಇದ್ದದ್ದು ಪ್ರೀತಿಯೋ ಬೇರೆ ಏನೋ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಓದದೆ ತಿನ್ನುತ್ತಿದ್ದಾನೆ, ಎಂದು ಒಮ್ಮೆ ಅನ್ನಿಸಿತ್ತು. ಅನ್ನಿಸಿದಾಗ ಮೈ ಹಗುರವಾಗಿತ್ತು. ಅದೇ ಮಧ್ಯಾಹ್ನ ಅವನು ಅವಳ ಹೊಟ್ಟೆಗೆಂದು ಲಿಂಬೆಹಣ್ಣು ತರಲು ಬಿಸಿಲಲ್ಲಿ ಹಳಿಯ ಗುಂಟ ಪಕ್ಕದ ಊರಿಗೆ ನಡೆದು ಹೋದ. ಬಾಲ್ಕನಿಯಿಂದ ಅವನು ವಾಪಸು ಬರುವುದು ಕಾಣುತ್ತಿತ್ತು. ಮೊದಲು ಒಂದು ಚುಕ್ಕೆ, ಆಮೇಲೆ ಒಬ್ಬ ಮನುಷ್ಯ, ಆಮೇಲೆ ಪ್ಲಾಸ್ಟಿಕ್ ಚೀಲ ಹಿಡಿದ ತನ್ನ ಗಂಡ. ಈಗ ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಿಗ್ನಲ್ಲು ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

ಶೇಷಗಿರಿ ಬಾಗಿಲಲ್ಲೇ ಶೂ ಬಿಚ್ಚುತ್ತ ಶುರುಮಾಡಿದ. "ಏನ್ರೀ ಅಸ್ಲಂ ಅವ್ರೇ, ಐವತ್ತು ಮೈಲಿ ದೂರದಿಂದ್ಲೇ ನಿಮ್ಮ ಕಾಳಿನ ವಾಸನೆ ಬಡೀತು. ಹೆದ್ದಾರಿ ಎಕ್ಸಿಟ್ ನೋಡೋದೇ ಬೇಡ, ಮೂಗಿನ ಹಿಂದೇನೇ ಬಂದ್ಬಿಟ್ವಿ."

"ಐವತ್ತು ಎಲ್ಲಿ? ಮೂವತ್ತೂ ಇಲ್ಲ. ಬರೀ ಬುರುಡೆ," ಎಂದಳು ಛಾಯಾ. ಅವಳು ತಂದಿದ್ದ ಬಿಸಿಬೇಳೆಬಾತಿನ ಡಬ್ಬಿಯನ್ನು ಫಹಮೀದಾಳ ಕೈಗಿತ್ತು, "ಕಾಳಿಗೆ ಎಲ್ಲಾ ವೆಜ್ಜೇ ತಾನೇ?" ಎಂದು ಮೆಲ್ಲಗೆ ಕೇಳಿದಳು. ಪಕ್ಕಾ ಸಸ್ಯಾಹಾರಿಗಳು, ಮೈಸೂರಿನವರು. ಎಲ್ಲರ ಮನೆಯಲ್ಲೂ ಕೇಳಿಯೇ ತಿನ್ನುತ್ತಿದ್ದರು.

"ಹೌದ್ರಿ. ಎಣ್ಣಿ, ಬೆಳ್ಳುಳ್ಳಿ, ಇಷ್ಟ," ಎಂದಳು ಫಹಮೀದಾ. ಅದು ನಿಜವೇ ಆಗಿತ್ತು.

"ಅಲ್ರಿ, ನುನ್ಸಿಯಾನ ಮನ್ಯಾಗನೂ ಇಷ್ಟ," ಅಸ್ಲಂ ಒಳಗಿನಿಂದ ಕೂಗಿದ. "ಮಾಂಸದ ಹೆಸರಿಲ್ಲ. ನೀವು ಹೋಗ್ರಿ ಅಲ್ಲಿಗೆ ಒಮ್ಮೆ. ಯಾರೂ ನಿಮ್ಮನ್ನ ಯಾವೂರು, ಏನು ಹೆಸರು, ಒಂದೂ ಕೇಳಂಗಿಲ್ಲ. ಸಮುದ್ರನೂ ಕೇಳಂಗಿಲ್ಲ."

"ನಮ್ಮನ್ನ ಇಲ್ಲೂ ಯಾರೂ ಕೇಳಲ್ಲ ಬಿಡಿ," ಎಂದು ಶೇಷಗಿರಿ ನಕ್ಕ. ನಕ್ಕ ಮೇಲೆ ತಾನು ಏನು ಅಂದೆ ಎಂದು ಹೊಳೆದು ಸೋಫಾದ ದಿಂಬನ್ನು ಸರಿಮಾಡಿದ. ಅಸ್ಲಂ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸದವನಂತೆ ಮಹಡಿಯ ಕಡೆ ಮುಖ ಮಾಡಿ, "ಅಲಿಯಾ! ಬಾರವ್ವಾ ಕೆಳಗ!" ಎಂದು ಕರೆದ.

ಅಲಿಯಾ ಹೆಡ್‌ಫೋನು ಕೊರಳಿಗೆ ಇಳಿಸಿಕೊಂಡು ಬಂದಳು. ಹದಿನೇಳು ತುಂಬಿತ್ತು. ಮನೆಯಲ್ಲಿ ತಂದೆತಾಯಿ ಆಡುವ ಪ್ರತಿ ಕನ್ನಡ ಮಾತೂ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಯಾವತ್ತೂ ಇಂಗ್ಲಿಷು. ಅಸ್ಲಂ ಮೊದಮೊದಲು ಬೈಯುತ್ತಿದ್ದ, ಆಮೇಲೆ ಬಿಟ್ಟಿದ್ದ.

"ಅಬ್ಬಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದಳು ಅಪ್ಪನಿಗೆ. "ಹೂ ಕಾಲ್ಸ್ ಇಟಲಿ ಫಾರ್ ಬೀನ್ಸ್?"

"ಫೋನ್ ನಾ ಹಚ್ತೀನಿ. ನೀ ಬರೇ ಕೇಳು. ಕಾಳು ಕುದಿಯೂ ಮುಂದ ಏನು ಹಾಕ್ತಿದ್ರಿ, ಅಷ್ಟ," ಎಂದ ಅಸ್ಲಂ.

"ಈಗ ಅಲ್ಲಿ ರಾತ್ರಿ ಆಗಿರತೈತ್ರಿ," ಎಂದಳು ಫಹಮೀದಾ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. "ಮುದುಕಿ ಮಲಗಿರ್ತಾಳ. ಬ್ಯಾಡ."

"ಎಂಟೂ ಆಗಿಲ್ಲ ಇನ್ನ. ಆಕಿ ಆ ಹೊತ್ತಿಗೆ ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂತಿರ್ತಾಳ. ನೀನೇ ನೋಡೀಯಲ್ಲ." ಅವನು ಫೋನ್ ಕಾರ್ಡಿನ ನಂಬರು ಒತ್ತಲು ಶುರು ಮಾಡಿದ್ದ. ವಿನ್ಸ್ ಟೆಕ್ಸಾಸಿಗೆ ವರ್ಗವಾಗಿ ಹೋಗಿದ್ದರೂ ಅವನಿಂದ ಮುದುಕಿಯ ನಂಬರು ಹುಡುಕಿ ತರಿಸಿದ್ದ. ಒತ್ತುವಾಗ ಅವನ ತುಟಿ ಅಲ್ಲಾಡುತ್ತಿತ್ತು. ಫಹಮೀದಾ ಹೋಗಿ ಫೋನಿನ ವೈರು ಕಿತ್ತುಬಿಡಬಹುದಿತ್ತು. ಗ್ಲಾಸು ಬೀಳಿಸಬಹುದಿತ್ತು. ಈಗ, ಎಲ್ಲರ ಮುಂದೆ, ಒಂದು ವಾಕ್ಯ ಹೇಳಿಬಿಡಬಹುದಿತ್ತು. ಅವಳು ಒರಗಿದ ಬಾಗಿಲಿನ ಚೌಕಟ್ಟು ಬೆನ್ನಿಗೆ ಒತ್ತುತ್ತಿರುವುದನ್ನಷ್ಟೇ ಗಮನಿಸುತ್ತ ನಿಂತಳು.

ಆ ಕಡೆ ಫೋನು ಎತ್ತಿದರು. ಅಸ್ಲಂ, "ನುನ್ಸಿಯಾ! ಅಸ್ಲಂ! ಚಿಕಾಗೊ!" ಎಂದು ಆ ಮೂರೇ ಶಬ್ದವನ್ನು ಕೂಗಿ, ಆ ಕಡೆಯಿಂದ ಬಂದ ಕಿರುಚಾಟಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಫೋನನ್ನು ಮಗಳಿಗೆ ಕೊಟ್ಟ. "ನೆನಪು ಇಟ್ಟಾಳ ನೋಡ್ರಿ! ನೆನಪು ಇಟ್ಟಾಳ!" ಎಂದು ಶೇಷಗಿರಿಯ ಭುಜ ಅಲ್ಲಾಡಿಸಿದ. ಅಲಿಯಾ ಕಿವಿಗೆ ಒತ್ತಿ ಹಿಡಿದು, ತಡವರಿಸಿ, ಶಾಲೆಯ ಇಟಾಲಿಯನ್‌ನಲ್ಲಿ ಏನೋ ಕೇಳಿದಳು. ಆಮೇಲೆ "ಸೀ... ಸೀ..." ಎಂದು ಹೂಂಗುಟ್ಟುತ್ತ ಕೇಳಿಸಿಕೊಂಡಳು. ಫಹಮೀದಾ ಮಗಳ ಮುಖವನ್ನೇ ನೋಡುತ್ತಿದ್ದಳು. ಒಂದು ಗಳಿಗೆಯಲ್ಲಿ ಅಲಿಯಾಳ "ಸೀ" ನಿಂತಿತು. ಏನೋ ಒಂದು ಶಬ್ದವನ್ನು ಪ್ರಶ್ನೆಯಂತೆ ತಿರುಗಿ ಕೇಳಿದಳು. ಆ ಕಡೆಯಿಂದ ಉತ್ತರ ಬಂತು. ಅಲಿಯಾ ಕಣ್ಣೆತ್ತಿ ಅಪ್ಪನನ್ನು ನೋಡಲಿಲ್ಲ. ನೇರ ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ನಿನಗೆ ಗೊತ್ತಿತ್ತು, ಎಂದಷ್ಟೇ ಇತ್ತು. ಆಮೇಲೆ ಫೋನಿಗೆ ಏನೋ ಒಳ್ಳೆಯ ಮಾತು ಹೇಳಿ ಇಟ್ಟುಬಿಟ್ಟಳು.

"ಏನಂದ್ಳು? ಏನಂತ?"

ಅಲಿಯಾ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ಏನಿಲ್ಲ ಅಬ್ಬಾ," ಎಂದಳು. "ಒಂದು ಎಲಿ ಹಾಕ್ತಾಳಂತ. ಅವ್ರ ಹಿತ್ತಲದಾಗ ಬೆಳೀತದಂತ. ಇಲ್ಲೆ ಸಿಗಂಗಿಲ್ಲ."

ಛಾಯಾ ಚಪ್ಪಾಳೆ ತಟ್ಟಿದಳು. "ಅಯ್ಯೋ, ಎಷ್ಟು ಮುದ್ದಾಗಿ ಕನ್ನಡ ಮಾತಾಡಿದ್ಳು ರೀ! ಅಲಿಯಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ನಮ್ಮ ಮಕ್ಕಳ ಬಾಯಲ್ಲಿ ಅಮ್ಮ ಅನ್ನೋದೊಂದು ಬಿಟ್ರೆ ಕೇಳ್ಬೇಡಿ."

"ಅದೂ ಫ್ರಿಜ್ ಖಾಲಿ ಆದಾಗ," ಎಂದ ಶೇಷಗಿರಿ.

ಅಸ್ಲಂ ನಗಲಿಲ್ಲ. ಮಗಳನ್ನೇ ನೋಡುತ್ತಿದ್ದ. ಹುಟ್ಟಿದಾಗಿನಿಂದ ಅವಳ ಬಾಯಿಂದ ಇಷ್ಟುದ್ದ ಕನ್ನಡ ಬರಲೆಂದು ಕಾದವನು ಅವನು. ಫೋನು ಇಡುವ ಮುಂಚೆ ಅವಳು ತಾಯಿಯನ್ನು ನೋಡಿದ್ದನ್ನೂ ಅವನು ಕಂಡಿದ್ದ. ಅವಳು ಮಹಡಿ ಹತ್ತಿ ಹೋಗುವವರೆಗೂ ನೋಡಿದ. ಆಮೇಲೆ ಎದ್ದು, ಖಾಲಿ ನೀರಿನ ಜಗ್ಗು ಹಿಡಿದು ಅಡುಗೆಮನೆಗೆ ಬಂದ. ಫಹಮೀದಾ ಒಲೆಯ ಮುಂದೆ ಇದ್ದಳು. ಅವನು ನಲ್ಲಿ ತಿರುಗಿಸಿದ, ಜಗ್ಗು ತುಂಬಿತು, ತುಂಬಿ ಹರಿಯಿತು.

"ನಿನಗ ಯಾವತ್ತು ಗೊತ್ತಾತು?"

ಏನು, ಎಂದು ಕೇಳಬಹುದಿತ್ತು. "ಎರಡನೇ ದಿನ," ಎಂದಳು.

ಅವನು ನಲ್ಲಿ ನಿಲ್ಲಿಸಿದ. ಜಗ್ಗಿನಿಂದ ಸ್ವಲ್ಪ ನೀರು ಚೆಲ್ಲಿ ಹದಕ್ಕೆ ತಂದ. ಅವನ ಮುಖದಲ್ಲಿ ಏನಾದರೂ ಬರುತ್ತದೆಂದು ಅವಳು ನೋಡುತ್ತಿದ್ದಳು. ಏರ್‌ಪೋರ್ಟಿನಲ್ಲಿ ಬದಿಗೆ ನಿಂತು ಬೆಲ್ಟು ಬಿಚ್ಚುವಾಗ ಇರುತ್ತಿದ್ದ ಮುಖವೇ ಇತ್ತು.

"ಅದಕ್ಕ ಊಟ ಬಿಟ್ಟಿದ್ದಿ," ಎಂದ.

"ಹೂಂ."

"ನನಗ ಹೇಳಲಿಲ್ಲ."

ಅವಳು ಒಲೆ ಆರಿಸಿ ಕಾಳಿನ ಪಾತ್ರೆ ಕೈಗೆತ್ತಿಕೊಂಡಳು. ನೀವು ನಗತಿದ್ರಿ, ಎಂದು ಹೇಳಬೇಕೆಂದುಕೊಂಡಳು. ಅದು ಅರ್ಧ ಮಾತು. ಉಳಿದ ಅರ್ಧಕ್ಕೆ ಶಬ್ದ ಇರಲಿಲ್ಲ, ಇದ್ದರೂ ಅದನ್ನು ಇಲ್ಲಿ, ಒಲೆಯ ಮುಂದೆ, ಜನ ಕೂತಿರುವಾಗ ಆಡುವುದಾಗುತ್ತಿರಲಿಲ್ಲ. ಹೊರಗಿನಿಂದ ಶೇಷಗಿರಿ ಕೂಗಿದ, "ಅಸ್ಲಂ ಅವ್ರೇ, ಎಲೆ ಇಲ್ದಿದ್ರೆ ಪರವಾಗಿಲ್ಲ, ಹಸಿವು ಇದೆ!"

"ಬಂದ್ನಿರೀ," ಎಂದ ಅಸ್ಲಂ. ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ಹೊರಗೆ ಒಯ್ದ. ಅಲಿಯಾಳನ್ನು ಕರೆದ. ಅವಳು ಇಳಿದು ಬಂದು, ಯಾರನ್ನೂ ನೋಡದೆ ಕೂತಳು. ಅವನು ಎಲ್ಲರಿಗೂ ಬಡಿಸಿದ. ಬಡಿಸುತ್ತ ಆ ಊರಿನ ಕಥೆಯನ್ನು ಮತ್ತೆ ಹೇಳತೊಡಗಿದ. ಹಳಿ, ಕಳ್ಳಿ, ತಾರಸಿಯ ಸರಳುಗಳು. ನಗಬೇಕಾದಲ್ಲಿ ನಗಿಸಿದ. ದನಿ ಎಲ್ಲಿಯೂ ಬದಲಾಗಲಿಲ್ಲ. ಗಡಿಗೆಯ ತಳಕ್ಕೆ ಬ್ರೆಡ್ಡು ಒರೆಸಿದ್ದನ್ನೂ ಬಿಡಲಿಲ್ಲ.

"ಎಂಟೂ ದಿನ ಅದನ್ನ ತಿಂದ್ರಾ ಇಬ್ರೂ? ಬೇಜಾರಾಗ್ಲಿಲ್ವಾ?" ಎಂದು ಕೇಳಿದಳು ಛಾಯಾ.

"ನಾನು ತಿಂದೆ," ಎಂದ ಅಸ್ಲಂ. ಸೌಟನ್ನು ಪಾತ್ರೆಯ ಅಂಚಿಗೆ ಇಟ್ಟ. "ಫಹಮೀ ತಿನ್ನಲಿಲ್ಲ. ಆಕೀಗೆ ಅಲ್ಲೆ ಆರಾಮ ಇರಲಿಲ್ಲ. ಒಂದು ಕಾಳೂ ಮುಟ್ಟಲಿಲ್ಲ ಆಕಿ. ನಾ ನೋಡೀನಿ. ಯಾರು ಕೇಳಿದ್ರೂ, ಮ್ಯಾಲಿನಾಂವ ಕೇಳಿದ್ರೂ ನಾ ಹೇಳ್ತೀನಿ."

"ಅಯ್ಯೋ ಪಾಪ," ಎಂದಳು ಛಾಯಾ.

ಮೊದಲ ರಾತ್ರಿ ಫಹಮೀದಾಳೂ ತಿಂದಿದ್ದಳು ಎನ್ನುವುದು ಅವನಿಗೆ ಗೊತ್ತಿತ್ತು. ಅವನ ಪಕ್ಕದಲ್ಲೇ ಕೂತು ತಿಂದಿದ್ದಳು. ಫಹಮೀದಾ ಅದನ್ನು ಹೇಳಲು ಬಾಯಿ ತೆರೆದಳು. ಅವನು ಆಗಲೇ ಅವಳಿಗೊಂದು ಕುರ್ಚಿ ಎಳೆದು ಹಾಕಿದ್ದ. "ಕೂಡು. ಇವತ್ತರ ತಿನ್ನು," ಎಂದು ಅವಳ ತಾಟಿಗೆ ಒಂದು ಸೌಟು ಹಾಕಿದ. ಮತ್ತೊಂದು ಹಾಕಿದ. ಅವಳು ಸಾಕು ಅನ್ನಲಿ ಎಂದು ಅವನು ಕಾಯುತ್ತಿದ್ದನೇನೋ. ಅವಳು ಅನ್ನಲಿಲ್ಲ. ರಸ ತಾಟಿನ ಅಂಚಿಗೆ ಬಂದು ನಿಂತಿತು. ಅಲಿಯಾ ತಿನ್ನುವುದು ನಿಲ್ಲಿಸಿ ನೋಡುತ್ತಿದ್ದಳು. ಫಹಮೀದಾ ಕೈಯಿಟ್ಟಳು. ಕಾಳು ಹದವಾಗಿ ಬೆಂದಿತ್ತು, ಬಹಳ ಬಿಸಿಯಿತ್ತು, ಬೆರಳು ಸುಟ್ಟಿರಬೇಕು, ಅವಳಿಗೆ ತಿಳಿಯಲಿಲ್ಲ.